ಘಡಿಯಾಳ ಯಾವ ಊರಿಂದು?

ದುಬೈಯಿಂದ ಗೋವಾಕ್ಕೆ ಸಮುದ್ರ ದಾಟಲು ವಿಮಾನಕ್ಕೆ ಮೂರು ತಾಸು. ಗೋವಾದಿಂದ ಕುಮಟೆಗೆ ಕಾರಿಗೂ ಹೆಚ್ಚುಕಡಿಮೆ ಅಷ್ಟೇ. ಈ ಲೆಕ್ಕವನ್ನು ಹೊಳನಗದ್ದೆಯ ಪ್ರಕಾಶ ಫೋನಿನಲ್ಲಿ ಅಕ್ಕ ಲಕ್ಕಿಗೆ ಎಷ್ಟು ಸಲ ಒಪ್ಪಿಸಿದ್ದನೋ!

"ಮದುವೆ ದಿನ ಬೆಳಗಿನ ಜಾವ ನಾಕಕ್ಕೆ ಹಾರಿದ್ರೆ ಏಳಕ್ಕೆ ಇಳಿತೆ. ಹನ್ನೊಂದರ ಒಳಗೆ ಚಪ್ಪರದಲ್ಲಿ ಇರ್ತೆ. ಮುಹೂರ್ತ ಹನ್ನೆರಡೂವರೆಗಲ್ವ? ನೀ ಎಂತಕ್ಕೂ ಹೆದರಬೇಡ."

ಹೆದರದೆ ಇರುವುದು ಹೇಗೆ? ಲಕ್ಕಿಯ ಮಗಳು ಸುಪ್ರಿಯಾ ತಂದೆಯಿಲ್ಲದ ಹುಡುಗಿ. ಮದುಮಗಳನ್ನು ಸೋದರಮಾವ ಕೈಹಿಡಿದು ಮಂಟಪಕ್ಕೆ ಕರೆತರಬೇಕು. ಅವಳಿಗಿದ್ದವನು ಇವನೊಬ್ಬನೇ ಮಾವ. ಅವನಿಗೆ ರಜೆ ಸಿಕ್ಕಿದ್ದೇ ಮದುವೆಯ ಮುನ್ನಾದಿನ.

ಗೋವಾದಲ್ಲಿ ದೇವರು ಕಳಿಸಿದ ಹಾಗೆ ಭಟ್ಕಳದ ಇಲ್ಯಾಸ ಸಿಕ್ಕಿದ. ಅದೇ ವಿಮಾನದಲ್ಲಿ ಬಂದವನು. ಅವನನ್ನು ಕರೆದೊಯ್ಯಲು ತಾಯಿ ಮರಿಯಂಬಿ ಬಾಡಿಗೆ ಕಾರಿನಲ್ಲಿ ಬಂದಿದ್ದರು. "ಕುಮಟೆ ನಮ್ಮ ದಾರಿಯಲ್ಲೇ ಉಂಟಲ್ಲ, ಹತ್ತು" ಎಂದರು.

ಅಂಕೋಲೆಯ ಹೋಟೆಲಿನಲ್ಲಿ ಕಾರು ನಿಂತಿತು. ಮೂರು ವರ್ಷದ ಮೇಲೆ ಅಮ್ಮನ ಕೈಯಡುಗೆ ಎಂದು ಇಲ್ಯಾಸ ಬುತ್ತಿಯ ಡಬ್ಬಿ ಬಿಚ್ಚಿದ. ಪ್ರಕಾಶ ಕನ್ನಡಿಯೆದುರು ನಿಂತು ಆರಾಮಾಗಿ ಗಡ್ಡ ಹೆರೆಯತೊಡಗಿದ.

"ಮದುವೆ ಹನ್ನೆರಡೂವರೆಗೆ ಅಂದಿದ್ದೆಯಲ್ಲ?" ಎಂದರು ಮರಿಯಂಬಿ.

"ಈಗಿನ್ನೂ ಹತ್ತೂಕಾಲು, ಅಮ್ಮಾ." ಮುಂಗೈ ಚಾಚಿ ತೋರಿಸಿದ.

ಅವರು ಅವನ ವಾಚು ನೋಡಿದರು, ಹೋಟೆಲಿನ ಗೋಡೆ ನೋಡಿದರು. "ನಿನ್ನ ಘಡಿಯಾಳ ಯಾವ ಊರಿಂದು, ಪುತಾ?"

ಗೋಡೆಯಲ್ಲಿ ಹನ್ನೊಂದೂಮುಕ್ಕಾಲು! ದುಬೈಯ ಹೊತ್ತನ್ನೇ ಕೈಗೆ ಕಟ್ಟಿಕೊಂಡು ಊರಿಗೆ ಬಂದಿದ್ದ ಪುಣ್ಯಾತ್ಮ. ಅಲ್ಲಿಗಿಂತ ಇಲ್ಲಿ ಒಂದೂವರೆ ತಾಸು ಮುಂದೆ ಎಂಬುದು ಎಂಟು ವರ್ಷ ಅಲ್ಲಿ ದುಡಿದವನಿಗೆ ಗೊತ್ತಿಲ್ಲದ್ದಲ್ಲ. ಮದುವೆಯ ಗಡಿಬಿಡಿಯಲ್ಲಿ ಮರೆತೇಹೋಗಿತ್ತು. ಮುಖದ ಸೋಪನ್ನು ಅಂಗಿಯ ತೋಳಿಗೇ ಒರೆಸಿಕೊಂಡ.

ಮರಿಯಂಬಿ ಮಗನ ಕೈಯಿಂದ ಡಬ್ಬಿ ಕಸಿದು ಮುಚ್ಚಿದರು. "ಊಟ ಎಲ್ಲೂ ಓಡಿಹೋಗುದಿಲ್ಲ. ಅಲ್ಲಿ ಹುಡುಗಿ ಕಾಯ್ತಾ ಉಂಟು. ನಡೀರಿ!"

ಕುಮಟೆಯ ಚಪ್ಪರದಲ್ಲಿ ಪುರೋಹಿತರು ಅವಸರ ಮಾಡುತ್ತಿದ್ದರು. ಮಾವನ ಬದಲಿಗೆ ನೆರೆಮನೆಯ ಶಾಂತಾರಾಮ ಆಗಲಿ ಎಂದು ಹಿರಿಯರು ಮಾತಾಡಿಯೂ ಆಗಿತ್ತು. "ಪ್ರಕಾಶಮಾವ ಬರದೆ ನಾ ಏಳೂದಿಲ್ಲ" ಎಂದು ಸುಪ್ರಿಯಾ ಕೂತಲ್ಲೇ ಕೂತಿದ್ದಳು. ಅಷ್ಟರಲ್ಲಿ ಒಂದು ಕೆನ್ನೆ ನುಣ್ಣಗೆ, ಇನ್ನೊಂದರಲ್ಲಿ ಗಡ್ಡ ಹೊತ್ತು ಮಾವ ಓಡಿಬಂದ.

"ಬಂದ್ಯನೋ ಮಾರಾಯ! ಜೀವ ಬಾಯಿಗೆ ಬಂದಿತ್ತಲ್ಲೋ!" ಎಂದು ಲಕ್ಕಿ ಅವನ ಬೆನ್ನಿಗೊಂದು ಗುದ್ದಿದಳು. ಸುಪ್ರಿಯಾ ಅಳುತ್ತಳುತ್ತಲೇ ನಕ್ಕು ಕೈ ಚಾಚಿದಳು.

ಧಾರೆ ಮುಗಿದದ್ದೇ ಪ್ರಕಾಶ ರಸ್ತೆಗೆ ಓಡಿದ. ಕಾರು ಮರದ ನೆರಳಲ್ಲೇ ಇತ್ತು. ತಾಯಿ ಮಗ ಒಳಗೆ ಕೂತು ಉಣ್ಣುತ್ತಿದ್ದರು. ಹಿಂದೆಯೇ ಬಂದ ಲಕ್ಕಿ ತೆಂಗಿನಕಾಯಿ, ಬಾಳೆಗೊನೆ ಸೀಟಿನ ಮೇಲಿಟ್ಟು ಮರಿಯಂಬಿಯ ಎರಡೂ ಕೈ ಹಿಡಿದುಕೊಂಡಳು. ಪ್ರಕಾಶ ವಾಚು ಬಿಚ್ಚಿ ಅವರ ಮುಂದೆ ಹಿಡಿದ.

"ನೀವೇ ತಿರುಗಿಸಿ ಕೊಡಿ, ಅಮ್ಮಾ."

ಮರಿಯಂಬಿ ಸೆರಗಿಗೆ ಕೈ ಒರೆಸಿಕೊಂಡು ಕಾರಿನ ಗಡಿಯಾರ ನೋಡುತ್ತ ಮುಳ್ಳು ತಿರುಗಿಸಿದರು. ತಾವೇ ಅವನ ಕೈಗೆ ಕಟ್ಟಿದರು.

"ಆತು, ಪುತಾ. ಈಗ ನೀ ಊರಿಗೆ ಬಂದೆ."