ಅಳಿಸಿಹೋದ ಚೌಕಗಳು

ಕೊರೊನಾ ಎರಡನೇ ಅಲೆಯ ಮೇ ತಿಂಗಳು, ಲಾಕ್‌ಡೌನ್. ಬೆಳಿಗ್ಗೆ ಹತ್ತು ದಾಟಿದರೆ ಮಣಿಪಾಲದಲ್ಲಿ ಬಸ್ಸಿಲ್ಲ, ರಿಕ್ಷಾ ಇಲ್ಲ. ಆಸ್ಪತ್ರೆಯವರಿಗೆಂದು ಉಳಿದದ್ದು ಬಾಡಿಗೆ ಸೈಕಲ್ಲುಗಳ ಸ್ಟ್ಯಾಂಡ್ ಒಂದೇ. ಸೈಕಲ್ಲಿನ ಹಿಂಬದಿಯ ಕಪ್ಪು-ಬಿಳಿ ಕ್ಯೂಆರ್ ಚೌಕವನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಬೀಗ ತೆರೆದುಕೊಳ್ಳುತ್ತದೆ. ಬಾದಾಮಿ ಕಡೆಯ ಕಲ್ಲಯ್ಯನ ಕೆಲಸ ಆ ಸೈಕಲ್ಲುಗಳನ್ನು ಬ್ಲೀಚಿಂಗ್ ನೀರಿನಲ್ಲಿ ಒರೆಸುವುದು. ಕಂಪನಿ ಎರಡು ಗಂಟೆಗೊಮ್ಮೆ ಎಂದಿತ್ತು. ಅವನು ಗಂಟೆಗೊಮ್ಮೆ ತೆಂಗಿನ ನಾರು ಹಿಡಿದು ತಿಕ್ಕುತ್ತಿದ್ದ. ಹ್ಯಾಂಡಲ್, ಸೀಟು, ಚೌಕ, ಚೌಕದ ಕೆಳಗಿನ ನಂಬರ್.

"ಎಂತ ಕಲ್ಲಯ್ಯಣ್ಣ, ಮದುಮಗಳಿಗೆ ಅರಿಶಿನವಾ?" ಎಂದು ಲ್ಯಾಬಿನ ಶರ್ಮಿಳಾ ನಿನ್ನೆಯೂ ಚುಡಾಯಿಸಿದ್ದಳು.

"ನೀವು ಮುಟ್ಟೂ ಸೈಕಲ್ರಿ ಅಕ್ಕಾರ. ನಿಮಗ ಏನರ ಆದ್ರ ನನಗ ನಿದ್ದಿ ಬರೂದಿಲ್ಲ."

ಇವತ್ತು ಅವಳು ಓಡಿಕೊಂಡು ಬಂದಳು. ಡ್ಯೂಟಿ ಮುಗಿಸಿ ಲಾಕರಿನಿಂದ ಫೋನ್ ತೆಗೆದರೆ ತಮ್ಮ ಲಕ್ಷಿತನ ಹದಿನಾಲ್ಕು ಕರೆಗಳು. ಊರು ಎರ್ಮಾಳಿನಿಂದ ತಂದು ಉಡುಪಿಯ ಕೋವಿಡ್ ಆಸ್ಪತ್ರೆಗೆ ಸೇರಿಸಿದ್ದ ಅಪ್ಪ ತೀರಿಕೊಂಡಿದ್ದರು. ಹತ್ತೂವರೆಗೆ ಆಂಬುಲೆನ್ಸ್ ನೇರ ಸ್ಮಶಾನಕ್ಕೆ. ಅಷ್ಟರೊಳಗೆ ಬಂದರೆ ದೂರದಿಂದ ಮುಖ ತೋರಿಸುತ್ತಾರೆ. ಈಗ ಹತ್ತೂ ಹತ್ತು. ಇಳಿಜಾರು, ಸೈಕಲ್ಲಿನಲ್ಲಿ ಕಾಲು ಗಂಟೆಯ ದಾರಿ.

ಫೋನ್ ಹಿಡಿದಳು. ಬೀಗ ಅಲುಗಲಿಲ್ಲ. ಇನ್ನೊಂದಕ್ಕೆ ಹಿಡಿದಳು.

"ಅಣ್ಣ, ಇದರಲ್ಲಿ ಎಂತ ಸಹ ಇಲ್ಲ!"

ಕಲ್ಲಯ್ಯ ಬಗ್ಗಿ ನೋಡಿದ. ಸ್ವಲ್ಪವಾದರೂ ಕಾಣುತ್ತಿದ್ದ ಎರಡು ಸೈಕಲ್ಲುಗಳನ್ನು ಬೆಳಗಿನ ಪಾಳಿಯವರು ಒಯ್ದಿದ್ದರು. ಉಳಿದ ಆರರ ಚೌಕಗಳೂ ಬೆಳ್ಳಗಿದ್ದವು. ಅವನ ಉಗುರುಗಳಷ್ಟೇ ಬೆಳ್ಳಗೆ.

ಕಂಪನಿಗೆ ಫೋನ್ ಮಾಡಿದ. ಬೆಂಗಳೂರಿನ ಹುಡುಗಿ ನಂಬರ್ ಕೇಳಿದಳು.

"ಅಳಿಸೇತ್ರಿ ಮೇಡಂ. ಯಾವುದರ ಒಂದರ ಬೀಗ ತಗೀರಿ, ಆರೂ ಇಲ್ಲೇ ಅದಾವು."

"ನಂಬರ್ ಇಲ್ಲದೆ ಆಗಲ್ಲ ಸರ್. ಕಂಪ್ಲೇಂಟ್ ಬರ್ಕೊಂಡಿದ್ದೀನಿ."

ಒಂದು ಸ್ಕೂಟರ್ ಬಂತು. ಕಲ್ಲಯ್ಯ ರಸ್ತೆ ಮಧ್ಯೆ ಕೈಮುಗಿದು ನಿಂತ. ಸವಾರ ಮಾಸ್ಕನ್ನು ಮೂಗಿನ ಮೇಲೆ ಎಳೆದುಕೊಂಡು ಪಕ್ಕಕ್ಕೆ ಹೊರಳಿಸಿ ಹೊರಟುಹೋದ.

ಶರ್ಮಿಳಾ ಓಡತೊಡಗಿದಳು. ಕಲ್ಲಯ್ಯ ಒಂದು ಸೈಕಲ್ಲಿನ ಬೀಗ ಬಿದ್ದ ಹಿಂಚಕ್ರವನ್ನು ಎತ್ತಿ ಹಿಡಿದು, ಮುಂಚಕ್ರದ ಮೇಲೆ ಅದನ್ನು ದೂಡುತ್ತಾ ಅವಳ ಹಿಂದೆ ಓಡಿದ. ಕಳ್ಳತನವೆಂದು ಬೀಗದ ಅಲಾರಂ ಕಿರುಚತೊಡಗಿತು.

"ಅದನ್ನು ಯಾಕೆ ತರುವುದು ಮಾರಾಯ್ರೆ, ಬಿಡಿ!"

ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಬಿಡಲೂ ಆಗಲಿಲ್ಲ.

ಅರ್ಧ ದಾರಿ ದಾಟಿ, ಇಂದ್ರಾಳಿ ಸೇತುವೆಯ ಹತ್ತಿರ ಅವಳ ಫೋನ್ ಬಡಿಯಿತು.

"ಲಕ್ಷಿತ್, ಎರಡು ನಿಮಿಷ ನಿಲ್ಲಿಸು. ಇಲ್ಲವಾದರೆ ವಿಡಿಯೋದಲ್ಲಿ ತೋರಿಸು."

"ಎಂತ ತೋರಿಸುವುದು ಅಕ್ಕ? ಮೂರು ಜನರನ್ನು ಸುತ್ತಿ ಒಟ್ಟಿಗೆ ಹಾಕಿದ್ದಾರೆ. ಅಪ್ಪ ಯಾರೆಂದು ನನಗೇ ಗೊತ್ತಾಗಲಿಲ್ಲ. ಆಂಬುಲೆನ್ಸ್ ಹೊರಟಿತು."

ಅವಳು ರಸ್ತೆ ಬದಿಯಲ್ಲಿ ಕುಳಿತುಬಿಟ್ಟಳು. ಸೈಕಲ್ ಇನ್ನೂ ಕಿರುಚುತ್ತಿತ್ತು. ಕಲ್ಲಯ್ಯ ಅದರ ಬೀಗವನ್ನು ಎರಡೂ ಅಂಗೈಗಳಿಂದ, ಆಮೇಲೆ ಎದೆಯಿಂದ ಒತ್ತಿ ಹಿಡಿದ. ಸದ್ದು ಕಡಿಮೆಯಾಗಲಿಲ್ಲ.