ಡಾಕ್ಟರರ ಕಾರಿನ ತಗಡು

"ಬೇಕಾದ್ದು ಆರಿಸಿ ಬಾಯಮ್ಮ" ಎನ್ನುತ್ತ ಬ್ರೋಕರ್ ದೇವದಾಸ ಕಾಪುವಿನ ಪ್ಯಾಟ್ರಿಶಿಯಾಳ ಮನೆಯ ಊಟದ ಮೇಜಿನ ಮೇಲೆ ಚೀಲ ಸುರಿದ. ಕಿಲುಬು ಹಿಡಿದ ಹಿತ್ತಾಳೆ ತಗಡುಗಳು ಬಿದ್ದವು. ಒಂದೊಂದರಲ್ಲೂ ಗುಜರಿಗೆ ಹೋದ ಒಂದೊಂದು ಕಾರಿಗೆ ಕಾರ್ಖಾನೆಯವರು ಕೊಟ್ಟ ನಂಬರು.

ಪ್ಯಾಟ್ರಿಶಿಯಾಳ ತಂದೆ ರೊಸಾರಿಯೊ ಅವರ ಹಳೆಯ ಮೋರಿಸ್ ಕಾರಿನ ತಗಡು ಎಂದೋ ಬಣ್ಣ ಹೊಡೆಸುವಾಗ ಕಳೆದುಹೋಗಿತ್ತು. ಕಾಗದಪತ್ರ ಗೆದ್ದಲಿನ ಪಾಲಾಗಿತ್ತು. ಬಸ್ಸು ಹತ್ತಲಾರದ ತಂದೆಯನ್ನು ಅವರದೇ ಕಾರಿನಲ್ಲಿ ಮಣಿಪಾಲದ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಆಕೆ ಅದನ್ನು ರಿಪೇರಿ ಮಾಡಿಸಿದ್ದಳು. ಆದರೆ ನಂಬರಿಲ್ಲದೆ ರಿಜಿಸ್ಟರ್ ಆಗುವುದಿಲ್ಲ. ಈ ಸಲ ಆಗದಿದ್ದರೆ ಗುಜರಿಗೇ ಎಂದು ತಮ್ಮ ಸಿರಿಲ್ ಹೇಳಿಬಿಟ್ಟಿದ್ದ. ದೇವದಾಸನನ್ನು ಕರೆತಂದವನೂ ಅವನೇ.

ದೇವದಾಸ ಎಲೆಯಡಿಕೆಯಿಂದ ಕೆಂಪಾದ ಬೆರಳಿನಲ್ಲಿ ಒಂದು ತಗಡನ್ನು ಮುಂದೆ ತಳ್ಳಿದ. "ಇದು ಮೋರಿಸಿನದ್ದೇ. ಬೆಳ್ಮಣ್ಣಿನ ತಾರಾನಾಥ ಡಾಕ್ಟರರದ್ದು."

ಪ್ಯಾಟ್ರಿಶಿಯಾಳ ಕೈ ಹಿಂದೆ ಸರಿಯಿತು. ಅಮ್ಮನ ಕೊನೆಯ ಕಾಯಿಲೆಯಲ್ಲಿ ಕರೆಯದೆಯೂ ಬಂದು, ಹೋಗುವಾಗ ಅಡುಗೆಮನೆಗೆ ಇಣುಕಿ, "ನೀನು ಊಟ ಮಾಡಿದೆಯಾ ಮಗಾ?" ಎಂದು ಕೇಳುತ್ತಿದ್ದವರು. ಕಳೆದ ಮಳೆಗಾಲದಲ್ಲಿ ಅವರ ಕಾರು ಕಾರ್ಕಳದ ದಾರಿಯ ಕಲ್ಲುಕೋರೆಯ ಹೊಂಡಕ್ಕೆ ಉರುಳಿ ಅವರು ತೀರಿಕೊಂಡಿದ್ದರು.

"ನಿನಗೆ ಹೇಗೆ ಸಿಕ್ಕಿತು ಇದು?"

"ಅಂದೇ ಬಿಚ್ಚಿದ್ದು. ಜನ ಆಚೆಯಿಂದ ಡಾಕ್ಟರರನ್ನು ಎಳೆಯುತ್ತಿದ್ದರು, ನಾನು ಈಚೆ ಸ್ಕ್ರೂ ತಿರುಗಿಸುತ್ತಿದ್ದೆ. ತಡ ಮಾಡಿದರೆ ಬೇರೆಯವರು ಬಿಚ್ಚುತ್ತಾರೆ, ಅಲ್ವಾ?"

ಸಿರಿಲ್ ನಕ್ಕ. "ಭಾರೀ ಚುರುಕು ಮಾರಾಯ ನೀನು! ತಗೊಳ್ಳಿ ಅಕ್ಕಾ, ಡಾಕ್ಟರರು ಈಗ ಕೇಳಲಿಕ್ಕೆ ಬರುವುದಿಲ್ಲ."

ಪ್ಯಾಟ್ರಿಶಿಯಾಳಿಗೆ ದೇವದಾಸನ ಮಾತಿಗಿಂತ ಆ ನಗು ಹೆಚ್ಚು ಅಸಹ್ಯವೆನಿಸಿತು. ಅದು ಅಮ್ಮನಂಥದೇ ಹಲ್ಲುಸಾಲಿನ ನಡುವಿನಿಂದ ಬಂದಿತ್ತು. ಡಾಕ್ಟರರ ತಗಡನ್ನು ಕರವಸ್ತ್ರದಲ್ಲಿ ಸುತ್ತಿ ಹಿಡಿದುಕೊಂಡಳು.

"ಇದು ನನ್ನ ಹತ್ತಿರ ಇರಲಿ. ಬೇಕಿದ್ದರೆ ಪೊಲೀಸರಿಗೆ ಹೇಳು. ಈಗ ಹೊರಡು."

ಒಳಕೋಣೆಯಿಂದ ತಂದೆ ಕೂಗಿದರು. "ಎಂತ ಗಲಾಟೆ ಅದು?"

ಅವರಿಗೆ ಚಿಂತೆ ಬೇಡವೆಂದು ಈವರೆಗೆ ಮುಚ್ಚಿಟ್ಟದ್ದನ್ನೆಲ್ಲ ಹೇಳಿದಳು. ಕಾರಿನಡಿಯ ಚಾಸಿಯ ಮೇಲೂ ಅದೇ ನಂಬರು ಕೊರೆದಿರುತ್ತದೆಂದು ಆರ್‌ಟಿಒ ಇನ್ಸ್‌ಪೆಕ್ಟರ್ ಹೇಳಿದ್ದು, ತಾನು ನೋಡಿದಾಗ ಬರೀ ಕಪ್ಪು ಕಂಡದ್ದು.

"ಕೆರೆದು ನೋಡಿದೆಯಾ? ಕಡಲಗಾಳಿಗೆ ತುಕ್ಕು ಹಿಡಿಯದ ಹಾಗೆ ನಾನು ವರ್ಷವರ್ಷವೂ ಗೇರೆಣ್ಣೆ ಬಳಿಸಿದ್ದೇನೆ, ದೋಣಿಗೆ ಬಳಿದ ಹಾಗೆ. ಆ ಕಪ್ಪಿನಡಿ ನಂಬರು ಉಂಟು."

ಕಾರಿನ ಕೆಳಗೆ ಇಲಿಹಿಕ್ಕೆ, ಕೋಳಿಹಿಕ್ಕೆ. ಸಿರಿಲನ ಹೆಂಡತಿ ತೆರೆಸಾ ತನ್ನ ಹಳೆಯ ಸೀರೆಯೊಂದನ್ನು ಅಲ್ಲಿ ಹಾಸಿದಳು. ಗಂಡ ದುರುಗುಟ್ಟಿ ನೋಡುತ್ತಿದ್ದರೂ ಲಾಟೀನು ಹಿಡಿದು ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕುಳಿತಳು. ಪ್ಯಾಟ್ರಿಶಿಯಾ ಸೀಮೆಎಣ್ಣೆ ಹಚ್ಚಿ ಕೆರೆದಳು. ಅಂಗೈ ಸುಲಿಯಿತು. ಹಿಕ್ಕೆ, ಸೀಮೆಎಣ್ಣೆಗಳ ನಾತ ಮಾತ್ರ ಊಟದ ಮೇಜಿನ ಬಳಿ ಕೇಳಿದ ನಗುವಿನಷ್ಟು ಅಸಹ್ಯವೆನಿಸಲಿಲ್ಲ. ಕಪ್ಪು ಪದರ ಎದ್ದುಬಂದು, ಕಬ್ಬಿಣದಲ್ಲಿ ಕೊರೆದ ಅಂಕಿಗಳು ಒಂದೊಂದಾಗಿ ಕಂಡವು.

ಇನ್ಸ್‌ಪೆಕ್ಟರ್ ಬಂದು, ಅದರ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡರು. ಕಾರು ರಿಜಿಸ್ಟರ್ ಆಯಿತು.

ಮಣಿಪಾಲಕ್ಕೆ ಹೊರಟ ದಿನ ತಂದೆ ಹಿಂದಿನ ಸೀಟಿನಲ್ಲಿ ಕುಳಿತು ಬಾಗಿಲನ್ನು ಸವರುತ್ತಿದ್ದರು. ಸಿರಿಲ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಮುಂದಿನ ಬಾಗಿಲಿಗೆ ಕೈಹಾಕಿದ.

"ತೆರೆಸಾ, ನೀನು ಮುಂದೆ ಕೂತುಕೋ" ಎಂದಳು ಪ್ಯಾಟ್ರಿಶಿಯಾ.

"ಮತ್ತೆ ನಾನು?"

"ಬಸ್ಸು ಉಂಟು."

ಅವನ ಕೈ ತಾಗಿದ ಹಿಡಿಯನ್ನು ಸೆರಗಿನಿಂದ ಒರೆಸಿ, ಕರವಸ್ತ್ರದ ಗಂಟನ್ನು ತೆರೆಸಾಳ ಮಡಿಲಲ್ಲಿಟ್ಟಳು. ಬರುವಾಗ ಬೆಳ್ಮಣ್ಣಿಗೆ ಹೋಗಿ ಡಾಕ್ಟರರ ಹೆಂಡತಿ ವನಜಾಕ್ಷಮ್ಮನಿಗೆ ಅದನ್ನು ಒಪ್ಪಿಸಬೇಕು. ಎಲ್ಲಿ ಸಿಕ್ಕಿತೆಂದು ಆಕೆ ಕೇಳಿದರೆ ಏನು ಹೇಳುವುದೆಂದು ಉಡುಪಿ ದಾಟಿದರೂ ಕಾರು ಓಡಿಸುತ್ತಿದ್ದ ಪ್ಯಾಟ್ರಿಶಿಯಾಳಿಗೆ ಹೊಳೆಯಲಿಲ್ಲ.