ಸುಣ್ಣದ ಗೆರೆ

ಕೆ.ಆರ್. ನಗರದ ಆ ನರ್ಸರಿಯಲ್ಲಿ ಶನಿವಾರ ಪಾಠವಿರುತ್ತಿರಲಿಲ್ಲ. ಪ್ರತಿ ಶನಿವಾರ ಒಬ್ಬರು ಬಂದು ತಾವು ಮಾಡುವ ಕೆಲಸವನ್ನು ಮಕ್ಕಳಿಗೆ ತೋರಿಸಿ ಹೋಗುತ್ತಿದ್ದರು. ಟೈಲರ್ ಬಂದು ಗೊಂಬೆಗೊಂದು ಚಡ್ಡಿ ಹೊಲಿದು ಕೊಟ್ಟಿದ್ದ. ದನದ ಡಾಕ್ಟರು ಬಂದು ಎಲ್ಲರ ಎದೆಗೂ ಸ್ಟೆತಾಸ್ಕೋಪ್ ಇಟ್ಟು, ಒಬ್ಬಳಿಗೆ "ನೀನು ಕರು" ಅಂದು ಅಳಿಸಿದ್ದರು. ಈ ವಾರ ಲೈಸೆನ್ಸ್ ಸರ್ವೇಯರ್ ಮಹೇಶ್ಕುಮಾರ್ ಬಂದಿದ್ದ. ಅವನ ಮಗಳು ಯುಕೆಜಿಯಲ್ಲಿದ್ದಳು. ಫೋನ್ ಮಾಡಿ ಕರೆದವಳು ಎಲ್‌ಕೆಜಿ ಟೀಚರ್ ಪದ್ಮಶ್ರೀ.

ಮಹೇಶ್ಕುಮಾರ್ ಮೂರು ಕಾಲಿನ ಸ್ಟ್ಯಾಂಡು, ಟೇಪು, ಒಂದು ಚೀಲ ಸುಣ್ಣದ ಪುಡಿ ತಂದಿದ್ದ. ಮಕ್ಕಳಿಗೆ ತೋರಿಸಲೆಂದೇ ತನ್ನ ಅಪ್ಪನ ಕಾಲದ ಕಬ್ಬಿಣದ ಸರಪಳಿಯನ್ನೂ ಹೊತ್ತು ತಂದಿದ್ದ.

"ನೀವು ಪೊಲೀಸಾ?" ಒಬ್ಬ ಕೇಳಿದ.

"ಅಲ್ಲ ಕಣಪ್ಪ. ನಾನು ಭೂಮಿ ಅಳೆಯೋನು."

"ಭೂಮಿ ಎಷ್ಟುದ್ದ ಅದೆ?"

"ಅಷ್ಟೂ ಅಳ್ದಿಲ್ಲ. ನಮ್ಮ ತಾಲ್ಲೂಕೇ ಇನ್ನೂ ಮುಗಿದಿಲ್ಲ."

ಬಾಗಿಲಲ್ಲಿ ಕೂತು ಹುರುಳಿಕಾಯಿ ಮುರಿಯುತ್ತಿದ್ದ ಆಯಾ ದೊಡ್ಡತಾಯಮ್ಮ, "ಮುಗುದ್ರೆ ನಿಮ್ಗೆ ಕೆಲ್ಸ ಎಲ್ಲಿರ್ತದೆ ಬುಡಿ ಸಾ," ಅಂದಳು. ಮಹೇಶ್ಕುಮಾರ್ ಜೋರಾಗಿ ನಕ್ಕ.

ಮಕ್ಕಳು ಸರಪಳಿ ಹಿಡಿದು ರೈಲು ಬಿಟ್ಟರು. ಅವನು ಅಂಗಳದ ನಡುವೆ ಸುಣ್ಣದ ಪುಡಿ ಉದುರಿಸಿ ನೇರ ಗೆರೆ ಎಳೆದ. "ಈ ಕಡೆಯದು ಹುಡುಗೀರದು, ಆ ಕಡೆಯದು ಹುಡುಗರದು. ಕೇಳದೆ ಯಾರೂ ದಾಟಂಗಿಲ್ಲ," ಅಂದ. ಅರ್ಧ ನಿಮಿಷದಲ್ಲಿ ಎಲ್ಲರೂ ದಾಟಿದರು.

ಲಿಖಿತ್ ಮಾತ್ರ ದಾಟಲಿಲ್ಲ. ಅವನು ಪದ್ಮಶ್ರೀಯ ಅಣ್ಣ ನಂಜುಂಡನ ಮಗ. ಸ್ಕೂಲಿನಲ್ಲಿ ಮಿಸ್ ಅನ್ನಬೇಕೆಂದು ಎಷ್ಟು ಹೇಳಿಕೊಟ್ಟರೂ ಮರೆಯುತ್ತಿದ್ದ.

"ಅತ್ತೆ, ಈ ಮಾಮ ನಮ್ಮ ಗದ್ದೆಗೆ ಬಂದಿದ್ರು. ಅಲ್ಲೂ ಹಿಂಗೇ ಬಿಳೀದು ಹಾಕಿದ್ರು. ಅಪ್ಪ ಕಲ್ಲು ನೆಟ್ರು. ದಾಟಬೇಡ ಅಂತ ಬೈದ್ರು."

"ಯಾವ ಗದ್ದೆ ಕಂದಾ?"

"ನಾಲೆ ಗದ್ದೆ."

ನಾಲೆ ಗದ್ದೆ ಅಂದರೆ ಮಾವಿನಕೊಪ್ಪಲಿನ ಒಂದೂವರೆ ಎಕರೆ. ರಸ್ತೆಗೆ ಅಂಟಿದ ಇಪ್ಪತ್ತು ಗುಂಟೆ ಪದ್ಮಶ್ರೀಗೆ ಎಂದು ಅವಳ ಅಪ್ಪ ಆಸ್ಪತ್ರೆಯ ಮಂಚದಲ್ಲಿ ಮಲಗಿಕೊಂಡೇ ಹೇಳಿದ್ದರು. ನಂಜುಂಡ ಅಲ್ಲೇ ನಿಂತಿದ್ದ, ತಲೆಯಾಡಿಸಿದ್ದ. ಪದ್ಮಶ್ರೀ ಎಂಟು ವರ್ಷದಿಂದ ಬಾಡಿಗೆಯ ಮಹಡಿ ಮನೆಯಲ್ಲಿದ್ದಳು. ಕೊಳಾಯಿ ಕೆಳಗಿತ್ತು. ಆ ಇಪ್ಪತ್ತು ಗುಂಟೆಯ ರಸ್ತೆ ಬದಿಗೆ ಎರಡು ರೂಮಿನ ಮನೆ ಕಟ್ಟಬೇಕೆಂದು ನಕ್ಷೆಯನ್ನೂ ಬರೆಸಿಟ್ಟಿದ್ದಳು. ಅಡಿಗೆಮನೆಯ ಕಿಟಕಿ ನಾಲೆಯ ಕಡೆಗೆ ಇರಬೇಕೆಂದು ಗಂಡ ಶರತ್‌ನ ಹತ್ತಿರ ಜಗಳವನ್ನೂ ಆಡಿದ್ದಳು. ಶರತ್ ಮಾತ್ರ, "ಮೊದ್ಲು ನಿಮ್ಮಣ್ಣ ಬರ್ಕೊಡ್ಲಿ, ಆಮೇಲೆ ಕಿಟಕಿ," ಅನ್ನುತ್ತಿದ್ದ. ಹಾಗಂದಾಗೆಲ್ಲ ಅವಳು ಎರಡು ದಿನ ಅವನ ಹತ್ತಿರ ಮಾತು ಬಿಡುತ್ತಿದ್ದಳು.

ಅವಳು ಲಿಖಿತ್‌ನ ಕೈ ಹಿಡಿದು ಮಹೇಶ್ಕುಮಾರನ ಹತ್ತಿರ ಹೋದಳು.

"ಸರ್, ಮಾವಿನಕೊಪ್ಪಲಲ್ಲಿ ನಾಲೆ ಪಕ್ಕ ಅಳತೆ ಮಾಡಿದ್ರಾ?"

"ಓ, ನಂಜುಂಡಣ್ಣಂದಲ್ವಾ? ಹೋದ ವಾರ ಮಾಡಿದ್ದು. ಈ ಮರಿ ಅವರ ಮಗನಾ? ಅದಕ್ಕೇ ನನ್ನ ಮುಖಾನೇ ನೋಡ್ತಾವ್ನೆ."

"ಯಾತಕ್ಕೆ ಅಳತೆ?"

"ಹನ್ನೊಂದು ಇ ನಕ್ಷೆಗೆ ಮೇಡಂ. ರಸ್ತೆ ಕಡೆಯ ಇಪ್ಪತ್ತು ಗುಂಟೆ ಮಾತ್ರ ಮಾರ್ತಿದಾರೆ. ಭಾಗ ಮಾರಬೇಕಾದ್ರೆ ಆ ನಕ್ಷೆ ಬೇಕೇ ಬೇಕು. ಮೈಸೂರಿನೋರು ಯಾರೋ ತಗೋತಿದಾರೆ. ಈ ಬುಧವಾರವೋ ಗುರುವಾರವೋ ರಿಜಿಸ್ಟ್ರೇಷನ್ ಅಂದ್ರು."

"ಅದಕ್ಕೆ ಬೇರೆ ಹಕ್ಕುದಾರರು ಇಲ್ವಾ?"

"ಪಹಣೀಲಿ ಅವರೊಬ್ಬರದೇ ಹೆಸರು. ತಂಗಿ ಒಬ್ರಿದ್ದಾರಂತೆ. ಅವರು ನಂಗೆ ಪಾಲು ಬೇಡ ಅಂತ ಬಿಡುಗಡೆ ಪತ್ರ ಮಾಡಿಕೊಟ್ಟಾಗಿದೆಯಂತೆ. ಒಳ್ಳೇ ತಂಗಿ ಬಿಡಿ. ಈಗಿನ ಕಾಲದಲ್ಲಿ ಯಾರು ಸುಮ್ನೆ ಸೈನ್ ಹಾಕ್ತಾರೆ ಹೇಳಿ?"

ಅವನಿಗೆ ಅವಳೇ ಆ ತಂಗಿಯೆಂದು ಗೊತ್ತಿರಲಿಲ್ಲ. ಅವನದೇನೂ ತಪ್ಪಿರಲಿಲ್ಲ. ಟೇಪು ಸುತ್ತುತ್ತಾ ಮಕ್ಕಳ ಕಡೆಗೆ ಹೋದ.

ಪದ್ಮಶ್ರೀಗೆ ಹೋದ ವರ್ಷದ ಗೌರಿ ಹಬ್ಬದ ಹಿಂದಿನ ದಿನ ನೆನಪಾಯಿತು. ಅಪ್ಪ ತೀರಿಕೊಂಡು ವರ್ಷ ಕಳೆದಿತ್ತು. ನಂಜುಂಡ ಬೈಕಿನಲ್ಲಿ ಬಂದು, "ಅಪ್ಪನ ಹೆಸರಿಂದ ಖಾತೆ ಬದಲಾಯಿಸ್ಬೇಕು, ನೀನೂ ಬಂದು ಒಂದು ಹೆಬ್ಬೆಟ್ಟು ಒತ್ತಬೇಕು ಕಣೇ," ಅಂದಿದ್ದ. ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ನೂಕುನುಗ್ಗಲು. ಕಾಗದದ ಕಟ್ಟನ್ನು ಅವಳ ಕೈಗೆ ಕೊಟ್ಟು, "ಬೇಕಾದ್ರೆ ಓದ್ಕೊ," ಅಂದಿದ್ದ. ಅವಳು ಓದಲಿಲ್ಲ, ಅವನು ತೋರಿಸಿದ ಕಡೆಯೆಲ್ಲ ಸಹಿ ಹಾಕಿ ಹೆಬ್ಬೆಟ್ಟು ಒತ್ತಿದಳು. ಅಣ್ಣ ಕೊಟ್ಟ ಕಾಗದವನ್ನು ತಂಗಿ ಅವನೆದುರೇ ಓದಿ ನೋಡುವುದೆಂದರೆ ಅವನು ಬಡಿಸಿದ ಅನ್ನವನ್ನು ಮೂಸಿ ನೋಡಿದ ಹಾಗೆ. ಅವರ ಮನೆಯಲ್ಲಿ ಯಾವ ಹೆಣ್ಣುಮಗಳೂ ಹಾಗೆ ಮಾಡಿರಲಿಲ್ಲ. ಕ್ಯಾಮೆರಾ ಎದುರು ಕೂರಿಸಿ "ಒಪ್ಪಿಗೆ ಇದೆಯಾ?" ಎಂದು ಯಾರೋ ಕೇಳಿದಾಗ ಹ್ಞೂಂ ಅಂದಿದ್ದಳು. ಆಮೇಲೆ ನಂಜುಂಡ ಮಸಾಲೆ ದೋಸೆ ಕೊಡಿಸಿದ. ತವರಿಗೆ ಕರೆದುಕೊಂಡು ಹೋಗಿ ರೇಷ್ಮೆ ಸೀರೆ ಕೊಟ್ಟು, ಅತ್ತಿಗೆಯ ಕೈಯಲ್ಲಿ ಮಡಿಲಕ್ಕಿ ಹಾಕಿಸಿದ. ಪ್ರತಿ ಗೌರಿಗೂ ಹತ್ತಿ ಸೀರೆ ಕೊಡುತ್ತಿದ್ದ ಅಣ್ಣ ಆ ಸಲ ರೇಷ್ಮೆ ಕೊಟ್ಟನಲ್ಲ ಎಂದು ಅವಳು ಹಿಗ್ಗಿ ಬೀದಿಗೆಲ್ಲ ತೋರಿಸಿದ್ದಳು.

ಹನ್ನೆರಡೂವರೆಗೆ ಗಂಟೆ ಹೊಡೆಯಿತು. ಗೇಟಿನ ಹತ್ತಿರ ತಾಯಂದಿರು, ಆಟೋದವರು ಸೇರಿದ್ದರು. ನಂಜುಂಡ ಬೈಕ್ ನಿಲ್ಲಿಸಿ ಹೆಲ್ಮೆಟ್ ತೆಗೆದ. ಒಳಗಿದ್ದ ಮಹೇಶ್ಕುಮಾರನನ್ನು ನೋಡಿದವನೇ ಮತ್ತೆ ಹೆಲ್ಮೆಟ್ ಹಾಕಿಕೊಂಡ.

"ಲಿಖಿತ್, ಬಾರೋ ಬೇಗ."

ಪದ್ಮಶ್ರೀ ಹುಡುಗನ ಕೈ ಹಿಡಿದುಕೊಂಡೇ ಗೇಟಿಗೆ ಬಂದಳು.

"ನಾಲೆ ಗದ್ದೆ ಮಾರ್ತಿದೀಯಾ ಅಣ್ಣಾ?"

"ಮನೆಗೆ ಬಾ, ಮಾತಾಡನ. ಇಲ್ಲೇನು, ಜನದ ಮುಂದೆ."

"ಮಾರ್ತಿದೀಯಾ ಇಲ್ವಾ ಹೇಳು."

"ಹೂಂ ಕಣೆ, ಮಾರ್ತಿದೀನಿ. ಬೋರ್ ಕೊರೆಸ್ಬೇಕು, ಮನೆ ಮೇಲೆ ಒಂದು ಅಂತಸ್ತು ಎತ್ತಬೇಕು. ನಿಂಗೇನು ಕಮ್ಮಿ ಆಗೈತೆ? ಗಂಡ ದುಡೀತಾನೆ, ನೀನೂ ದುಡೀತೀಯ."

"ಅದು ನಂದು ಅಂತ ಅಪ್ಪ ಹೇಳಿದ್ರು. ನೀನು ಪಕ್ಕದಲ್ಲೇ ನಿಂತಿದ್ದೆ."

"ಅಪ್ಪ ಬಾಯಲ್ಲಿ ಹೇಳುದ್ರು. ನೀನು ಕೈಯಲ್ಲಿ ಬರ್ಕೊಟ್ಟೆ."

"ಖಾತೆಗೆ ಅಂದಿದ್ದೆ ನೀನು!"

"ಖಾತೆಗೇ. ಬಿಡುಗಡೆ ಇಲ್ದೆ ನನ್ನೊಬ್ಬನ ಹೆಸರಿಗೆ ಖಾತೆ ಹೆಂಗಾಯ್ತದೆ? ಕಾಗ್ದ ನಿನ್ನ ಕೈಗೇ ಕೊಡ್ಲಿಲ್ವಾ? ಓದ್ಕೊ ಅನ್ಲಿಲ್ವಾ? ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸ್ತೀಯ. ಓದೋಕೆ ಬರ್ತಿರ್ಲಿಲ್ವಾ ನಿಂಗೆ?"

ಒಬ್ಬ ತಾಯಿ ಮಗುವಿನ ಬ್ಯಾಗನ್ನು ಸುಮ್ಮನೆ ತೆಗೆದು ಹಾಕಿ ಮಾಡುತ್ತಾ ನಿಂತಳು. ಮನೆಗೆ ಹೋಗುವ ಆತುರ ಯಾರಿಗೂ ಇರಲಿಲ್ಲ. ದೊಡ್ಡತಾಯಮ್ಮ ಬಂದು ಲಿಖಿತ್‌ನನ್ನು ಒಳಗೆ ಕರೆದುಕೊಂಡು ಹೋದಳು. ಹೋಗುವಾಗ, "ಒಡಹುಟ್ಟಿದೋಳ್ನ ಹಿಂಗಾ ಕೇಳಾದು? ಥೂ," ಅಂದಳು.

"ಕಾಗದ ಎಲ್ಲಿ?" ಪದ್ಮಶ್ರೀ ಕೇಳಿದಳು.

"ಈಗ್ಯಾಕೆ?"

"ಓದ್ತೀನಿ."

ನಂಜುಂಡನಿಗೆ ಅದು ಸವಾಲಿನಂತೆ ಕೇಳಿಸಿತು. ಕೊಂಡುಕೊಳ್ಳುವವರಿಗೆ ಕಳಿಸಲು ಪತ್ರದ ಫೋಟೋ ಮೊಬೈಲಿನಲ್ಲೇ ಇತ್ತು. ತೆಗೆದು ಮುಂದೆ ಹಿಡಿದ. "ಓದ್ಕೊ. ಎಲ್ಲಾ ಕಾನೂನು ಪ್ರಕಾರವೇ ಐತೆ."

ಅವಳು ಮೊಬೈಲನ್ನು ಅವನ ಕೈಯಿಂದ ತೆಗೆದುಕೊಂಡು ಗಟ್ಟಿಯಾಗಿ ಓದತೊಡಗಿದಳು. ಮಕ್ಕಳಿಗೆ ಓದಿ ಹೇಳುವ ಗಂಟಲು ಅದು, ಹಿಂದಿನ ಬೆಂಚಿಗೂ ಕೇಳುತ್ತದೆ.

"ಮಾವಿನಕೊಪ್ಪಲು ಗ್ರಾಮದ ಸದರಿ ಜಮೀನಿನಲ್ಲಿ ನನಗೆ ಬರತಕ್ಕ ಸಮಸ್ತ ಹಕ್ಕನ್ನು..."

"ಮೆಲ್ಲಗೆ ಓದೇ."

"...ನನ್ನ ಅಣ್ಣನವರ ಮೇಲಿನ ಪ್ರೀತಿ ವಿಶ್ವಾಸದಿಂದ, ಯಾರ ಬಲವಂತವೂ ಇಲ್ಲದೆ ಬಿಟ್ಟುಕೊಟ್ಟಿರುತ್ತೇನೆ..."

"ಸಾಕು ಕೊಡು, ಪದ್ಮಾ." ಅವನು ಕೈ ಚಾಚಿದ. ಅವಳು ಒಂದು ಹೆಜ್ಜೆ ಹಿಂದೆ ಸರಿದು ಓದು ಮುಂದುವರಿಸಿದಳು. ಚಕ್ಕುಬಂದಿ ಓದಿದಳು. ಪೂರ್ವಕ್ಕೆ ನಾಲೆ, ಪಶ್ಚಿಮಕ್ಕೆ ರಸ್ತೆ. ಇನ್ನು ಮುಂದೆ ತನಗಾಗಲಿ ತನ್ನ ಮಕ್ಕಳಿಗಾಗಲಿ ಯಾವ ತಕರಾರೂ ಇಲ್ಲ ಎಂಬುದನ್ನು ಓದಿದಳು. ಸಾಕ್ಷಿಗಳ ಹೆಸರಿನಲ್ಲಿ ಅತ್ತಿಗೆಯ ತಮ್ಮನ ಹೆಸರಿತ್ತು. ಅದನ್ನೂ ಓದಿದಳು. ಮಹೇಶ್ಕುಮಾರ್ ಸರಪಳಿ ಹೊತ್ತು ಗೇಟಿನ ತನಕ ಬಂದವನು ಅಲ್ಲೇ ನಿಂತ. ಅವನಿಗೆ ಈಗ ಎಲ್ಲ ಅರ್ಥವಾಗಿತ್ತು.

ಕೊನೆಯ ಸಾಲು ಬಂತು. "ಈ ಪತ್ರವನ್ನು ನಾನೇ ಓದಿ, ಅರ್ಥ ಮಾಡಿಕೊಂಡು, ಸರಿಯೆಂದು ಒಪ್ಪಿ ಸಹಿ ಮಾಡಿರುತ್ತೇನೆ."

ಅವಳು ತಲೆ ಎತ್ತಿದಳು.

"ಇದು ಸುಳ್ಳು. ನಾನು ಓದಿರಲಿಲ್ಲ."

"ಹಂಗಂತ ಕೋರ್ಟಲ್ಲಿ ಹೇಳ್ಕೊ ಹೋಗು," ನಂಜುಂಡ ಮೊಬೈಲು ಕಿತ್ತುಕೊಂಡ. "ಟೀಚರಮ್ಮ ಓದ್ದೇ ಸೈನ್ ಹಾಕಿದ್ಲಂತೆ ಅಂತ ಜಡ್ಜೂ ನಗ್ಲಿ."

"ನಗಲಿ. ಯಾಕೆ ಓದ್ಲಿಲ್ಲ ಅಂತ ಕೇಳ್ತಾರಲ್ಲ, ಅದನ್ನೂ ಹೇಳ್ತೀನಿ."

ನಂಜುಂಡ ಹುಡುಗನನ್ನು ಕೂಗಿದ. ಲಿಖಿತ್ ಬಂದು ಬೈಕಿನ ಟ್ಯಾಂಕಿನ ಮೇಲೆ ಕೂತು, ದಿನದಂತೆ ಅತ್ತೆಗೆ ಟಾಟಾ ಮಾಡಿದ. ನಂಜುಂಡ ಅವನ ಕೈಯನ್ನು ಕೆಳಗೆ ಒತ್ತಿ ಬೈಕ್ ಹೊರಡಿಸಿದ.

ಪದ್ಮಶ್ರೀ ಶರತ್‌ಗೆ ಫೋನ್ ಮಾಡಿದಳು. ಇಷ್ಟು ದಿನ ಅವನ ಮಾತನ್ನು ಅಲ್ಲಗಳೆದ ಬಾಯಿಂದಲೇ ನಡೆದಿದ್ದನ್ನೆಲ್ಲ ಹೇಳಬೇಕಿತ್ತು. ಹೇಳಿದಳು. ಅವನು, "ರಿಜಿಸ್ಟ್ರೇಷನ್ ಬುಧವಾರ ಅಂದ್ಯಾ?" ಅಂದ.

"ಬುಧವಾರ, ಇಲ್ಲಾ ಗುರುವಾರ."

"ಹಂಗಾದ್ರೆ ಸೋಮವಾರನೇ ವಕೀಲರ ಹತ್ರ ಹೋಗಬೇಕು. ನೀನು ರಜ ಹಾಕು."

ಅವಳು ಆಫೀಸ್ ರೂಮಿಗೆ ಹೋಗಿ ರಜೆಯ ಅರ್ಜಿ ಬರೆದಳು. ಕಾರಣ ಎಂಬಲ್ಲಿ 'ಜ್ವರ' ಎಂದು ಬರೆದು, ಹೊಡೆದು ಹಾಕಿ, 'ಅಣ್ಣನ ಮೇಲೆ ದಾವೆ' ಎಂದು ಬರೆದಳು. ಆಮೇಲೆ ಮೊದಲಿಂದ ಕೊನೆಯ ತನಕ ಎರಡು ಸಲ ಓದಿ ಸಹಿ ಹಾಕಿದಳು.